ಪದಚರ್ಚೆ: ‘ಡಿಕ್ಲೆನ್ಶನ್’ಗೆ ಕನ್ನಡದಲ್ಲಿ ಏನನ್ನೋಣ?

ಮಾನ್ಯರೇ,
ಜರ್ಮನ್ ವ್ಯಾಕರಣವೊಂದರ ಅನುವಾದ ಅಚ್ಚಿಗೆ ಹೊರಟಿದೆ. ‘ಡಿಕ್ಲೆನ್ಶನ್’ ಅಧ್ಯಾಯದ ತಲೆಬರಹವೊಂದೇ ಬಾಕಿ. ‘ವಿಭಕ್ತಿ’ಯನ್ನು ‘ಕೇಸ್’ಗೆ ಬಳಸಿಯಾಗಿದೆ. ‘ವಿಭಕ್ತಿ ಪ್ರತ್ಯಯ’ ಎಂದರೆ ಕೊನೆಗೆ ಹತ್ತುವ ತುಣುಕು ಮಾತ್ರ. ನಾಮಪದ, ಸರ್ವನಾಮ, ಗುಣವಾಚಕ ಮೂರೂ ವಿಭಕ್ತಿಗೆ ತಕ್ಕಂತೆ ರೂಪ ಬದಲಿಸುವುದಕ್ಕೆ ಏನನ್ನಲಿ? ಚಿಕ್ಕ ಪದವಾಗಿರಲಿ. ನಾಳೆ ಸಂಜೆಯೊಳಗೆ ಬೇಕು.

ಮರು:
ಟಂಕಿಸುವ ಅಗತ್ಯವೇ ಇಲ್ಲ. ‘ಶಬ್ದರೂಪ’. ಸಂಸ್ಕೃತ ಕಲಿತವರು ರಾಮಃ ರಾಮೌ ರಾಮಾಃ ಎಂದು ಬಾಯಿಪಾಠ ಮಾಡುವುದು ಅದನ್ನೇ. ಕ್ರಿಯಾಪದಕ್ಕೆ ‘ಧಾತುರೂಪ’.

ಮರು:
‘ಶಬ್ದ’ ಎಂದರೆ ಇಂದಿನ ಓದುಗರಿಗೆ ಸದ್ದು. ಬೇಡ. ‘ಬಾಗಿಕೆ’ ಎನ್ನಿ. ಲ್ಯಾಟಿನ್ನಿನ ‘ದೇಕ್ಲೀನಾರೆ’ಗೆ ಬಾಗು, ಓರೆಯಾಗು ಎಂದೇ ಅರ್ಥ. ಗ್ರೀಕರು ವಿಭಕ್ತಿಯನ್ನು ‘ಪ್ತೋಸಿಸ್’ ಎಂದರು, ಅಂದರೆ ಬೀಳುವಿಕೆ. ಲ್ಯಾಟಿನ್ನಿನ ‘ಕಾಸುಸ್’, ಜರ್ಮನ್ನಿನ ‘ಫಾಲ್’ ಕೂಡ ಬೀಳುವುದೇ. ಪ್ರಥಮೆ ನೆಟ್ಟಗೆ ನಿಂತದ್ದು, ಉಳಿದವು ಓರೆಯಾದವು. ನಮ್ಮ ‘ಬಾಗು’ ಕೈಗೆಟುಕುವಂತಿರುವಾಗ ಸಂಸ್ಕೃತದ ಮುಂದೆ ಕೈಚಾಚುವುದೇಕೆ?

ಮರು:
‘ಬಾಗಿಕೆ’ ನಡೆಯದು. ಅದೂ ಎರವಲೇ: ಪದ ನಮ್ಮದು, ಕಲ್ಪನೆ ರೋಮನರದು. ಕನ್ನಡದಲ್ಲಿ ನಾಮಪದ ಬಾಗುವುದಿಲ್ಲ, ಅದಕ್ಕೆ ಪ್ರತ್ಯಯ ಹತ್ತುತ್ತದೆ: ಮರವನ್ನು, ಮರದಿಂದ, ಮರಕ್ಕೆ. ನಡುವೆ ವಕಾರವೋ ದಕಾರವೋ ಬರುತ್ತದೆ, ‘ಮರ’ ಹಾಗೇ ಉಳಿಯುತ್ತದೆ. ಒಳಗೇ ಬದಲಾಗುವುದು ನಾನು–ನನ್ನ, ನೀನು–ನಿನ್ನ, ತಾನು–ತನ್ನ ಎಂಬಂಥ ಕೆಲವು ಸರ್ವನಾಮಗಳಲ್ಲಿ. ಅಲ್ಲಿ ದೀರ್ಘ ಹ್ರಸ್ವವಾಗುತ್ತದೆ.

ಕೇಳಿದವರಿಗೆ: ‘ಡಿಕ್ಲೆನ್ಶನ್’ಗೆ ಎರಡು ಅರ್ಥ, ಒಂದೇ ಪದ ಸಾಲದು. ರೂಪ ಬದಲಿಸುವ ಪ್ರಕ್ರಿಯೆ ಒಂದು. ಒಂದೇ ಬಗೆಯಲ್ಲಿ ರೂಪ ಪಡೆಯುವ ಪದಗಳ ಗುಂಪು ಇನ್ನೊಂದು. ಲ್ಯಾಟಿನ್ನಿನಲ್ಲಿ ಅಂಥ ಗುಂಪು ಐದು, ಷಷ್ಠೀ ಏಕವಚನ ನೋಡಿ ಗುರುತಿಸುತ್ತಾರೆ. ಪ್ರಕ್ರಿಯೆಗೆ ‘ನಾಮರೂಪಣ’ ಎನ್ನಿ. ನಮ್ಮ ವ್ಯಾಕರಣದಲ್ಲಿ ಸರ್ವನಾಮ, ಗುಣವಾಚಕಗಳೂ ನಾಮದೊಳಗೇ ಬರುವುದರಿಂದ ಮೂರಕ್ಕೂ ಹೊಂದುತ್ತದೆ. ಗುಂಪಿಗೆ ‘ರೂಪವರ್ಗ’. ‘ಗಣ’ ಬೇಡ, ಅದು ಸಂಸ್ಕೃತದ ಹತ್ತು ಧಾತುಗಣಗಳಿಗೆ ಮೀಸಲು.

ಗುಣವಾಚಕದ ಭಾಗಕ್ಕೆ ಒಂದು ಟಿಪ್ಪಣಿ ಹಾಕಲೇಬೇಕು. ‘ಒಳ್ಳೆಯ ಮನೆ, ಒಳ್ಳೆಯ ಮನೆಯಲ್ಲಿ’ ಎನ್ನುವಾಗ ‘ಒಳ್ಳೆಯ’ ಅಲುಗಾಡುವುದಿಲ್ಲ. ‘ಒಳ್ಳೆಯದನ್ನು, ಒಳ್ಳೆಯವನಿಗೆ’ ಎಂದು ತಾನೇ ನಾಮವಾದಾಗ ಮಾತ್ರ ಪ್ರತ್ಯಯ ಹತ್ತುತ್ತದೆ. ಕನ್ನಡಿಗರು ಜರ್ಮನ್ನಿನಲ್ಲಿ ಎಡವುವುದು ಇಲ್ಲೇ. ‘ಡೇರ್ ಗೂಟೆ ವೈನ್’ (ಆ ಒಳ್ಳೆಯ ವೈನ್), ‘ಐನ್ ಗೂಟರ್ ವೈನ್’ (ಒಂದು ಒಳ್ಳೆಯ ವೈನ್), ಬರೀ ‘ಗೂಟರ್ ವೈನ್’ (ಒಳ್ಳೆಯ ವೈನ್): ಮೂರೂ ಪ್ರಥಮೆಯೇ. ಹಿಂದಿನ ‘ಡೇರ್’ ಲಿಂಗ, ವಿಭಕ್ತಿಗಳನ್ನು ತೋರಿಸಿಬಿಟ್ಟರೆ ಗುಣವಾಚಕ ಹಗುರಾಗುತ್ತದೆ. ‘ಐನ್’ ತೋರಿಸದ ಕಡೆ, ಅಥವಾ ಹಿಂದೆ ಏನೂ ಇಲ್ಲದ ಕಡೆ, ಆ ಹೊರೆ ಗುಣವಾಚಕದ ಮೇಲೆ ಬೀಳುತ್ತದೆ.

ಮರು:
ಇನ್ನೊಂದು ಎಚ್ಚರಿಕೆ. ವಿಭಕ್ತಿಗಳನ್ನು ಸಂಖ್ಯೆಯಿಂದ ಹೆಸರಿಸಬೇಡಿ. ಜರ್ಮನ್ ಶಾಲಾವ್ಯಾಕರಣದಲ್ಲಿ ಎರಡನೆಯ ‘ಫಾಲ್’ ಎಂದರೆ ಸಂಬಂಧಸೂಚಕ, ನಮ್ಮ ಷಷ್ಠಿ. ನಮ್ಮ ದ್ವಿತೀಯೆ ಅವರಿಗೆ ನಾಲ್ಕನೆಯದು. ಕರ್ತೃ, ಕರ್ಮ, ಸಂಪ್ರದಾನ, ಸಂಬಂಧ ಎಂದೇ ಬರೆಯಿರಿ.

ಮರು:
ಸಂಖ್ಯೆಯ ಮಾತು ಬಂತು, ಹೇಳಿಬಿಡುತ್ತೇನೆ. ಕನ್ನಡಕ್ಕೆ ಏಳು ವಿಭಕ್ತಿ ಎನ್ನುವುದೇ ಸಂಸ್ಕೃತದ ಅಚ್ಚಿನಲ್ಲಿ ಎರಕಹೊಯ್ದದ್ದು. ‘ಮರದಿಂದ ಮಾಡಿದ’, ‘ಮರದಿಂದ ಬಿದ್ದ’ ಎರಡಕ್ಕೂ ‘ಇಂದ’ವೇ. ಪಂಚಮಿ ಎಲ್ಲಿದೆ?

ಮರು:
ರೂಪ ಒಂದಾದ ಮಾತ್ರಕ್ಕೆ ವಿಭಕ್ತಿ ಒಂದಾಗದು. ಸಂಸ್ಕೃತದ ‘ರಾಮೇಭ್ಯಃ’ ಚತುರ್ಥಿಯೂ ಹೌದು, ಪಂಚಮಿಯೂ ಹೌದು. ಶಬ್ದಮಣಿದರ್ಪಣ ಪಂಚಮಿಗೆ ‘ಅತ್ತಣಿಂ’ ಕೊಟ್ಟಿದೆ, ಇಂದಿನ ವ್ಯಾಕರಣಗಳಲ್ಲಿ ‘ದೆಸೆಯಿಂದ’ ಇದೆ. ಇನ್ನೇನು ಬೇಕು?

ಮರು:
ಅಲ್ಲೇ ತಪ್ಪಿದಿರಿ. ‘ರಾಮೇಭ್ಯಃ’ ಒಂದಾದರೂ ಏಕವಚನದಲ್ಲಿ ‘ರಾಮಾಯ’, ‘ರಾಮಾತ್’ ಬೇರೆಬೇರೆ. ಎಲ್ಲೋ ಒಂದೆಡೆ ಬೇರೆಯಾದರೆ ತಾನೇ ಎರಡೆನ್ನುವುದು? ಇನ್ನು ‘ಅತ್ತಣಿಂ’ ಬಿಡಿಸಿ ನೋಡಿ: ಅತ್ತಣ, ಇಂ. ‘ದೆಸೆಯಿಂದ’ದೊಳಗೆ ದೆಸೆ, ಇಂದ. ಎರಡರ ಬಾಲದಲ್ಲೂ ತೃತೀಯೆಯೇ ಕೂತಿದೆ, ‘ದೆಸೆ’ಯಂತೂ ತದ್ಭವ.

ಮರು:
ತಲೆಬರಹ ‘ನಾಮರೂಪಣ’, ಗುಂಪುಗಳಿಗೆ ‘ರೂಪವರ್ಗ’ ಎಂದು ಇಟ್ಟೆ. ವಿಭಕ್ತಿಗಳ ಸಂಖ್ಯೆ ತೆಗೆದೆ. ಗುಣವಾಚಕದ ಟಿಪ್ಪಣಿ ಸೇರಿಸಿದ್ದೇನೆ. ಪಂಚಮಿಯ ಗೊಡವೆ ಈ ಪುಸ್ತಕಕ್ಕಿಲ್ಲ, ಜರ್ಮನ್ನಿನಲ್ಲಿ ಇರುವುದೇ ನಾಲ್ಕು.