ಕುಮಟಾದಲ್ಲಿ ಫರ್ಟಿಲಿಟಿ ಸೆಂಟರ್ ಹಾಕಿದರೆ ನಡೆಯುತ್ತದಾ?

ಕಡಲತಡಿ:
ನಮ್ಮ ಅತ್ತಿಗೆ ಹೆರಿಗೆ ಡಾಕ್ಟರು. ಕುಮಟಾದಲ್ಲಿ ಸಣ್ಣ ನರ್ಸಿಂಗ್ ಹೋಮ್ ನಡೆಸುತ್ತಾರೆ. ಈಚೆಗೆ ಮಕ್ಕಳಾಗಿಲ್ಲ ಅಂತ ಬರುವವರು ಜಾಸ್ತಿ ಆಗಿದ್ದಾರೆ, ಹೊನ್ನಾವರ, ಅಂಕೋಲಾ ಕಡೆಯಿಂದಲೂ ಬರುತ್ತಾರೆ. ಅವರನ್ನೆಲ್ಲ ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಬರೆದುಕೊಡುತ್ತಾರೆ. ಎಷ್ಟೋ ಜನ ಹೋಗುವುದೇ ಇಲ್ಲ, ವರ್ಷ ಬಿಟ್ಟು ಮತ್ತೆ ಇವರ ಹತ್ತಿರವೇ ಬಂದು ಕೂರುತ್ತಾರೆ.

ಈಗ ಒಂದು ದೊಡ್ಡ ಚೈನ್‌ನವರು ಬಂದು ಹೋಗಿದ್ದಾರೆ. ಜಾಗ ನಿಮ್ಮದು, ಬೋರ್ಡು ನಮ್ಮದು, ನೀವು ಕಳಿಸಿದ ಪ್ರತಿ ಪೇಶಂಟಿಗೆ ಇಷ್ಟು ಅಂತ ಲೆಕ್ಕ. ನಮ್ಮ ಅಣ್ಣನ ಆಸೆ ಬೇರೆ, ಅವರಿಗೆ ಸಾಲ ಮಾಡಿ ಪೂರ್ತಿ ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ) ಲ್ಯಾಬನ್ನೇ ಹಾಕಬೇಕು. ನಾನು ಮನೆಯ ಲೆಕ್ಕಪತ್ರ ನೋಡುವವನು, ಡಾಕ್ಟರ್ ಅಲ್ಲ. ಇದು ನಮ್ಮ ಊರಲ್ಲಿ ನಡೆಯುವ ವ್ಯವಹಾರವಾ? ಗೊತ್ತಿರುವವರು ನೇರವಾಗಿ ಹೇಳಿ, ಬೇಜಾರಿಲ್ಲ.

ಲ್ಯಾಬ್ ಚಪ್ಪಲಿ:
ನಾನು ಎಂಬ್ರಿಯಾಲಜಿ ಲ್ಯಾಬಿನಲ್ಲಿ, ಅಂದರೆ ಐವಿಎಫ್‌ನ ಭ್ರೂಣ ನೋಡಿಕೊಳ್ಳುವ ಕಡೆ, ಕೆಲಸ ಮಾಡುವವನು. ಮೂಲ ಅಂಕೋಲಾ. ನಿಮ್ಮ ಅಣ್ಣನಿಗೆ ಮೊದಲು ಹೇಳಿ, ಲ್ಯಾಬ್ ಬೇಡ.

ಯಂತ್ರ ಬೇಕಾದರೆ ಸಾಲದಲ್ಲಿ ಬರುತ್ತದೆ. ಅದನ್ನು ನಡೆಸುವುದೇ ಕಷ್ಟ. ಎಂಬ್ರಿಯೋ (ಭ್ರೂಣ) ಇನ್‌ಕ್ಯುಬೇಟರಿನೊಳಗೆ ಮೂರರಿಂದ ಐದು ದಿನ ಇರುತ್ತದೆ, ಅಷ್ಟೂ ಹೊತ್ತು 37 ಡಿಗ್ರಿ ಬಿಸಿ, ಗ್ಯಾಸಿನ ಅಳತೆ, ಫಿಲ್ಟರ್ ಆದ ಗಾಳಿ ಒಂದೇ ಸಮ ಬೇಕು. ಆಷಾಢದ ಗಾಳಿಮಳೆಗೆ ನಮ್ಮ ಕಡೆ ಕರೆಂಟು ಹೇಗೆ ಹೋಗುತ್ತದೆ ಅಂತ ನಾನು ಹೇಳಬೇಕಾ? ಯುಪಿಎಸ್ ಮೇಲೆ ಯುಪಿಎಸ್, ಜನರೇಟರ್ ಎರಡು. ಫ್ರೀಜ್ ಮಾಡಿದ ಎಂಬ್ರಿಯೋಗಳನ್ನು ದ್ರವ ಸಾರಜನಕದಲ್ಲಿ ಇಡಬೇಕು, ಅದು ತಪ್ಪದೆ ಬರುತ್ತಿರಬೇಕು. (ಪಶು ಆಸ್ಪತ್ರೆಯವರೂ ಹಸುವಿಗೆ ಗರ್ಭ ಕಟ್ಟಿಸುವ ಇಂಜೆಕ್ಷನ್ನಿಗೆ ಅದರ ಕ್ಯಾನ್ ಇಟ್ಟುಕೊಂಡಿರುತ್ತಾರೆ, ಅದನ್ನು ನೋಡಿ ಇದು ಸುಲಭ ಅಂದುಕೊಳ್ಳಬೇಡಿ.) ಎಲ್ಲಕ್ಕಿಂತ ದೊಡ್ಡ ತಲೆನೋವು ನನ್ನಂಥವರು. ಒಳ್ಳೆ ಎಂಬ್ರಿಯಾಲಜಿಸ್ಟ್ ಕುಮಟಾಕ್ಕೆ ಬಂದು ನಿಲ್ಲುವುದು ಕಷ್ಟ. ತಿಂಗಳಿಗೆ ನಾಲ್ಕೈದು ಕೇಸ್ ಮಾಡುವ ಲ್ಯಾಬಿನಲ್ಲಿ ಕೈ ಪಳಗುವುದೂ ಇಲ್ಲ.

2021ರ ಎಆರ್‌ಟಿ (ಮಕ್ಕಳಾಗಲು ನೆರವಾಗುವ ಚಿಕಿತ್ಸೆಗಳ) ಕಾಯ್ದೆಯಡಿ ಎರಡು ಹಂತದ ಕ್ಲಿನಿಕ್ ಇದೆ. ಲೆವೆಲ್ 1 ಅಂದರೆ ಐಯುಐ, ಅಂದರೆ ವೀರ್ಯವನ್ನು ನೇರ ಗರ್ಭಕೋಶಕ್ಕೆ ಹಾಕುವುದು ಮಾತ್ರ. ನೋಂದಣಿ ಶುಲ್ಕ 50,000. ಲೆವೆಲ್ 2ರಲ್ಲಿ ಐವಿಎಫ್ ಎಲ್ಲ ಮಾಡಬಹುದು, ಶುಲ್ಕ 2 ಲಕ್ಷ. ಶುಲ್ಕ ದೊಡ್ಡದಲ್ಲ ಬಿಡಿ, ಅದರ ಹಿಂದೆ ಬರುವ ಸಿಬ್ಬಂದಿ, ಜಾಗ, ದಾಖಲೆಗಳ ಪಟ್ಟಿ ದೊಡ್ಡದು. ನಿಮ್ಮ ಅತ್ತಿಗೆಗೆ ಲೆವೆಲ್ 1 ಸಾಕು. ಒಳ್ಳೆ ಸ್ಕ್ಯಾನ್ ಮಶಿನ್, ವೀರ್ಯ ಪರೀಕ್ಷೆ ಮಾಡುವ ಚೊಕ್ಕ ಸಣ್ಣ ಲ್ಯಾಬ್, ಸಮಾಧಾನದಿಂದ ಮಾತಾಡುವ ಒಬ್ಬ ಕೌನ್ಸೆಲರ್.

ತೋಟದಮನೆ:
ನಾನು ಶಿರಸಿ ಕಡೆಯವಳು. ಹುಬ್ಬಳ್ಳಿಯಲ್ಲಿ ಐವಿಎಫ್ ಮಾಡಿಸಿಕೊಂಡಿದ್ದೇನೆ. ವ್ಯವಹಾರದ ವಿಷಯ ಗೊತ್ತಿಲ್ಲ, ಪೇಶಂಟ್ ಕಡೆಯಿಂದ ಹೇಳುತ್ತೇನೆ.

ಎಗ್ (ಅಂಡಾಣು) ಬೆಳೆಸುವ ಇಂಜೆಕ್ಷನ್ ಶುರುವಾದರೆ ಸುಮಾರು ಹತ್ತು ದಿನ. ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನ್, ಕೆಲವೊಮ್ಮೆ ರಕ್ತ ಪರೀಕ್ಷೆ. ಆ ಸ್ಕ್ಯಾನಿಗೆ ಐದು ಹತ್ತು ನಿಮಿಷ, ಅಷ್ಟಕ್ಕೆ ಹೋಗಿ ಬರಲು 200 ಕಿಲೋಮೀಟರ್. ಬೆಳಿಗ್ಗೆ ಕೊಟ್ಟಿಗೆ ಕೆಲಸ ಅತ್ತೆಯ ತಲೆಗೆ ಹಾಕಿ, ಮುಂಡಗೋಡಿಗೆ ಬರುವ ಹೊತ್ತಿಗೆ ಸೊಂಟ ಹಿಡಿದಿರುತ್ತಿತ್ತು. ಕೆಲವು ಇಂಜೆಕ್ಷನ್ ತಂಪಲ್ಲೇ ಇಡಬೇಕು ಅಂತ ಐಸ್ ಪ್ಯಾಕ್ ಕಟ್ಟಿಕೊಂಡು ಬಸ್ಸಲ್ಲಿ ಬರುವುದು ಬೇರೆ. ಕಡೆಗೆ ಅಲ್ಲೇ ರೂಮ್ ಮಾಡಿ ಉಳಿದೆವು. ಚಿಕಿತ್ಸೆ ಬಿಟ್ಟು ಇದರ ಖರ್ಚೇ ಬೇರೆ, ಗಂಡ ತೋಟದ ಕೆಲಸ ಬಿಟ್ಟಿದ್ದರ ಲೆಕ್ಕ ಹಾಕಿಯೇ ಇಲ್ಲ. ಆ ನಡುವಿನ ಸ್ಕ್ಯಾನುಗಳನ್ನು ಶಿರಸಿಯಲ್ಲೇ ಮಾಡಿ ರಿಪೋರ್ಟ್ ವಾಟ್ಸಾಪಲ್ಲಿ ಕಳಿಸುವ ಡಾಕ್ಟರ್ ಒಬ್ಬರು ಇದ್ದಿದ್ದರೆ ಎಗ್ ತೆಗೆಯಲು, ಎಂಬ್ರಿಯೋ ಒಳಗೆ ಹಾಕುವ ಟ್ರಾನ್ಸ್‌ಫರಿಗೆ ಅಂತ ಮಾತ್ರ ಹೋಗುತ್ತಿದ್ದೆವು. ನಿಮ್ಮ ಅತ್ತಿಗೆ ಇಷ್ಟು ಮಾಡಿದರೂ ದೊಡ್ಡ ಉಪಕಾರ.

ಇನ್ನೊಂದು ಮಾತು. ಆ ಚೈನಿನ ಬೋರ್ಡು ಮಾತ್ರ ದಯವಿಟ್ಟು ಬೇಡ! ನಗುವ ಮಗುವಿನ ಫೋಟೋ ಹಾಕಿದ ಬೋರ್ಡಿನ ಕೆಳಗೆ ನಮ್ಮ ಊರಿನ ಗಂಡಸು ಬೈಕ್ ನಿಲ್ಲಿಸುತ್ತಾನಾ? ಸಂಜೆಯೊಳಗೆ ಸೊಸೈಟಿ ಕಟ್ಟೆಯವರೆಗೆ ಸುದ್ದಿ ಹೋಗಿರುತ್ತದೆ. ಜನ ದೂರ ಹೋಗುವುದಕ್ಕೆ ಒಳ್ಳೆ ಡಾಕ್ಟರ್ ಅಷ್ಟೇ ಕಾರಣ ಅಲ್ಲ, ಯಾರೂ ನೋಡಬಾರದು ಅಂತಲೂ ಹೋಗುತ್ತಾರೆ. ಮಾಮೂಲಿ ನರ್ಸಿಂಗ್ ಹೋಮ್ ಆದರೆ ಜ್ವರಕ್ಕೆ ಬಂದಿದ್ದೆ ಅನ್ನಬಹುದು.

ಬೇಲೆ ಬದಿ:
ಪ್ರತಿ ಪೇಶಂಟಿಗೆ ಇಷ್ಟು ಅಂದರಲ್ಲ, ಅದು ಕಮಿಷನ್. ರೆಫರ್ ಮಾಡಿದ್ದಕ್ಕೆ ಡಾಕ್ಟರು ಹಣ ತೆಗೆದುಕೊಳ್ಳುವುದು 2002ರ ವೈದ್ಯಕೀಯ ನೀತಿ ನಿಯಮದಲ್ಲೇ ನಿಷೇಧ. ಅಗ್ರಿಮೆಂಟಿನಲ್ಲಿ ಅದಕ್ಕೆ ಮಾರ್ಕೆಟಿಂಗ್ ಅಂತ ಬರೆದರೂ ಸಿಕ್ಕಿಬೀಳುವುದು ನಿಮ್ಮ ಅತ್ತಿಗೆಯ ರಿಜಿಸ್ಟ್ರೇಷನ್.

ಈ ಚೈನ್‌ಗಳು ಸಣ್ಣ ಊರಿಗೆ ಯಾಕೆ ಬರುತ್ತವೆ ಅಂತ ನೋಡಿ. ಉದಯಪುರದಲ್ಲಿ ಶುರುವಾದ ಇಂದಿರಾ ಐವಿಎಫ್‌ನ ದೊಡ್ಡ ಪಾಲನ್ನು 2023ರಲ್ಲಿ ವಿದೇಶಿ ಹೂಡಿಕೆ ಸಂಸ್ಥೆ ಕೊಂಡಿತು. ಅಷ್ಟು ದುಡ್ಡು ಹಾಕಿದವರಿಗೆ ಬೆಳವಣಿಗೆ ಬೇಕು, ದೊಡ್ಡ ಊರುಗಳಲ್ಲಿ ಈಗಾಗಲೇ ಪೈಪೋಟಿ ಇದೆ. ತಪ್ಪು ಅಂತ ಹೇಳುತ್ತಿಲ್ಲ. ಐವಿಎಫ್ ಬೇಕಾದವರಿಗೆ ಹತ್ತಿರ ಸಿಕ್ಕರೆ ಒಳ್ಳೆಯದೇ. ಆದರೆ ಬೇಡದವರಿಗೂ ಅದೇ ಹೇಳಿದರೆ? ನಮ್ಮ ಸಂಬಂಧಿಕರು ಒಂದು ಕಡೆ ಉಚಿತ ಶಿಬಿರಕ್ಕೆ ಹೋಗಿದ್ದರು. ರಕ್ತ ಪರೀಕ್ಷೆ ಮಾಡಿ ಎಎಂಎಚ್ ಅನ್ನುವ ಹಾರ್ಮೋನ್ ಕಡಿಮೆ ಇದೆ ಅಂತ ಹೆದರಿಸಿ ಅವತ್ತೇ ಪ್ಯಾಕೇಜಿಗೆ ಸಹಿ ಹಾಕಿಸಿಕೊಂಡರು. ಆ ಪರೀಕ್ಷೆ ಎಗ್ ಎಷ್ಟು ಉಳಿದಿವೆ ಅನ್ನುವ ಅಂದಾಜು ಕೊಡುತ್ತದೆ, ತಾನಾಗಿಯೇ ಬಸಿರು ನಿಲ್ಲುತ್ತದೋ ಇಲ್ಲವೋ ಅಂತ ಹೇಳುವುದಿಲ್ಲ. ಗಂಡನಿಗೆ ಆವರೆಗೆ ಒಂದು ಪರೀಕ್ಷೆಯೂ ಆಗಿರಲಿಲ್ಲ!

ತೋಟದಮನೆ:
ಅಯ್ಯೋ ಹೌದು ಮಾರಾಯ್ರೆ. ಹೆಚ್ಚುಕಡಿಮೆ ಅರ್ಧದಷ್ಟು ಜೋಡಿಗಳಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಆದರೂ ನಮ್ಮಲ್ಲಿ ನಾಗರಿಗೆ ಹರಕೆ, ನಾಟಿ ಔಷಧಿ, ಸೊಸೆಗೆ ಸ್ಕ್ಯಾನ್, ಇಷ್ಟೆಲ್ಲ ಮುಗಿದ ಮೇಲೆ ಮಗನ ಪಾಳಿ. ಘಟ್ಟದ ಮೇಲೆ ತೋಟ ನೋಡಿಕೊಂಡಿರುವ ಹುಡುಗರಿಗೆ ಮದುವೆಯೇ ನಲವತ್ತರ ಹತ್ತಿರ ಆಗುತ್ತಿದೆ, ಇನ್ನು ಕಾಯಲು ಎಲ್ಲಿ ಟೈಮಿದೆ?

ಸದಾಶಿವಗಡ:
ಕಾರವಾರದವರಿಗೆ ಒಂದು ವಿಷಯ. ಗೋವಾದ ಬಾಂಬೋಲಿಮ್ ಜಿಎಂಸಿ (ಗೋವಾ ಮೆಡಿಕಲ್ ಕಾಲೇಜು) ಆಸ್ಪತ್ರೆಯಲ್ಲಿ 2023ರಲ್ಲಿ ಸರ್ಕಾರಿ ಐವಿಎಫ್ ಉಚಿತವಾಗಿ ಶುರುವಾಯಿತು. ಆದರೆ ಅಲ್ಲಿ 2018ರಿಂದ ಹೊರ ರಾಜ್ಯದವರಿಗೆ ಶುಲ್ಕ ಇದೆ, ಫೋನ್ ಮಾಡಿ ಕೇಳಿಕೊಂಡೇ ಹೋಗಿ. ನಮ್ಮ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ಅಷ್ಟು ಗಲಾಟೆ ಮಾಡಿದೆವು, ಅದರಲ್ಲಿ ಅಪಘಾತ, ಹೃದಯಾಘಾತದ ಮಾತೇ ಇತ್ತು. ಮಕ್ಕಳಾಗದವರ ಮಾತು ಯಾರೂ ಎತ್ತಲಿಲ್ಲ.

ಕಡಲತಡಿ:
ಎಲ್ಲರಿಗೂ ಥ್ಯಾಂಕ್ಸ್. ಅತ್ತಿಗೆಗೆ ಪೂರ್ತಿ ಓದಿ ಹೇಳಿದೆ. ಬೋರ್ಡಿನ ಮಾತಿಗೆ ಅವರು ನಕ್ಕು, ಸರಿಯಾಗೇ ಹೇಳಿದ್ದಾರೆ ಅಂದರು. ಈಗ ಲೆವೆಲ್ 1ರ ಲೆಕ್ಕ. ಬರೀ ಸ್ಕ್ಯಾನ್, ಐಯುಐನಿಂದ ಖರ್ಚು ಹುಟ್ಟುತ್ತದಾ?

ಲ್ಯಾಬ್ ಚಪ್ಪಲಿ:
ಅದೊಂದರಿಂದಲೇ ದೊಡ್ಡ ಲಾಭ ಇಲ್ಲ ಸರ್. ಐವಿಎಫ್ ಒಂದು ಸಲಕ್ಕೆ ಒಂದೂವರೆ ಎರಡು ಲಕ್ಷ ಆಗುತ್ತದೆ, ಐಯುಐ ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಫಲ ಸಿಗುವುದು ಸಾಮಾನ್ಯವಾಗಿ ನೂರರಲ್ಲಿ ಹತ್ತು ಹದಿನೈದು ಸಲ, ಅದನ್ನು ಪೇಶಂಟಿಗೆ ಮೊದಲೇ ಹೇಳಬೇಕು. ಆದರೆ ನಿಮ್ಮಲ್ಲಿ ಕಟ್ಟಡ, ನರ್ಸು, ಸ್ಕ್ಯಾನ್ ಮೊದಲೇ ಇದೆ. ಥೈರಾಯ್ಡು, ಪಿಸಿಒಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಸರಿ ಮಾಡಿದರೇ ಎಷ್ಟೋ ಜನಕ್ಕೆ ಬಸಿರು ನಿಲ್ಲುತ್ತದೆ, ಅವರು ಹೆರಿಗೆಗೂ ನಿಮ್ಮಲ್ಲಿಗೇ ಬರುತ್ತಾರೆ. ನಿಮ್ಮ ಆದಾಯ ಅಲ್ಲಿದೆ. ಇಂಥ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ ಅಂತ 2022ರಲ್ಲೇ ಸ್ಪಷ್ಟ ಮಾಡಿದ್ದಾರೆ, ಲೆಕ್ಕದಲ್ಲಿ ಅದನ್ನು ಸೇರಿಸಬೇಡಿ.

ಐವಿಎಫ್ ಬೇಕಾದವರಿಗೆ ಹುಬ್ಬಳ್ಳಿಯಲ್ಲಿ ಒಂದು, ಮಂಗಳೂರು ಅಥವಾ ಮಣಿಪಾಲದಲ್ಲಿ ಒಂದು, ಹೀಗೆ ಎರಡು ದಿಕ್ಕಿನ ಕ್ಲಿನಿಕ್ ಜೊತೆ ಮಾತಾಡಿಕೊಳ್ಳಿ. ಸ್ಕ್ಯಾನಿನ ಫೀ ಪೇಶಂಟೇ ನೇರ ನಿಮಗೆ ಕೊಡಲಿ, ಆ ಕಡೆಯಿಂದ ಒಂದು ಪೈಸೆ ಬೇಡ. ಎರಡು ದಿಕ್ಕು ಯಾಕೆ ಅಂದರೆ, ಎಗ್ ಮಾಗಿಸುವ ಕೊನೆಯ ಟ್ರಿಗರ್ ಇಂಜೆಕ್ಷನ್ ಕೊಟ್ಟ 34ರಿಂದ 36 ಗಂಟೆಗೆ ಎಗ್ ತೆಗೆಯಲೇಬೇಕು, ನಾಳೆ ಬರುತ್ತೇವೆ ಅಂದರೆ ಆಗುವುದಿಲ್ಲ. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದು ಹೆದ್ದಾರಿ ಬಂದ್ ಆಗಿತ್ತಲ್ಲ. ಮಳೆಗಾಲದ ಕೇಸುಗಳಿಗೆ ಟ್ರಿಗರಿಗೆ ಮೊದಲೇ ಆ ಊರಿಗೆ ಹೋಗಿ ಉಳಿಯಿರಿ ಅಂತ ಹೇಳಿಬಿಡಿ. ಚೈನಿನವರ ಕಾಗದ ಮಾತ್ರ ವಕೀಲರಿಗೆ ತೋರಿಸದೆ ಸಹಿ ಮಾಡಬೇಡಿ.