ಒಂದೇ ಲಾಟಿನ ಕೆಂಪು ನೂಲು, ಎರಡು ಸೀರಿಯೊಳಗ ಎರಡು ಬಣ್ಣ ಯಾಕ ಕಾಣತೈತಿ?

ಪ್ರಶ್ನೆ (ಸೀರಿ ಅಂಗಡಿ, ಇಳಕಲ್): ನಮಸ್ಕಾರ್ರೀ. ಒಂದೇ ಲಾಟಿನ ಕೆಂಪು ರೇಷ್ಮಿ ಎರಡು ಮಗ್ಗಕ್ಕ ಕೊಟ್ಟೇವಿ. ಹಸಿರು ಒಡಲಿನ ಸೀರಿ ದಡಿ ಉರಿಗೆಂಪ ಕಾಣತೈತಿ. ಕೇಸರಿ ಒಡಲಿನ ಸೀರಿ ದಡಿ ಮಂಕಾಗಿ, ನೇರಳಿ ಕಡೆ ವಾಲಿದಂಗ. ಬಣ್ಣ ಹಾಕಿದವ್ರು ‘ನಮ್ಮ ಕಡೆ ತಪ್ಪಿಲ್ಲ’ ಅಂತಾರ. ಉಳಿದ ನೂಲು ವಾಪಸ್ ಕೊಡೂದೋ ಬ್ಯಾಡೋ?

ಉತ್ತರ (ಕಣ್ಣಿನ ಡಾಕ್ಟರ್, ಬಾಗಲಕೋಟೆ): ಈಗಲೇ ಕೊಡಬ್ಯಾಡ್ರಿ. ಕಣ್ಣು ಯಾವ ಬಣ್ಣಾನೂ ಒಂಟಿಯಾಗಿ ಅಳಿಯೂದಿಲ್ಲ, ಮಗ್ಗಲದ ಬಣ್ಣಕ್ಕ ಹೋಲಿಸಿ ನೋಡತೈತಿ. ಹಸಿರಿನ ಪಕ್ಕ ಕೆಂಪು ಏರತೈತಿ. ಕೇಸರಿ ಪಕ್ಕ ಅದರೊಳಗಿನ ಹಳದಿ ಛಾಯೆ ಅಡಗಿ ನೀಲಿ ಛಾಯೆ ಮುಂದ ಬರತೈತಿ. ಈ ಹೋಲಿಕಿ ಕಣ್ಣಿನ ಅಕ್ಷಿಪಟದೊಳಗ ಶುರುವಾಗಿ ಮಿದುಳಿನೊಳಗ ಮುಂದುವರೀತೈತಿ. ಕಾರಣ ತಿಳಿದ ಮ್ಯಾಲೂ ಹಂಗ ಕಾಣತೈತಿ, ಹಿಂಗಾಗಿ ‘ಕಣ್ಣಾರೆ ನೋಡೇನಿ’ ಅನ್ನೂ ವಾದ ಇಲ್ಲಿ ನಡಿಯೂದಿಲ್ಲ.

ಪ್ಯಾರಿಸ್ಸಿನ ಗೊಬೆಲಾಂ ನೇಯ್ಗಿ ಕಾರ್ಖಾನಿಯೊಳಗ ಬಣ್ಣದ ವಿಭಾಗ ನೋಡಿಕೊಳ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್ ಮುಂದೂ ಇಂಥಾದ್ದ ತಕರಾರು ಬಂದಿತ್ತು: ನೀಲಿ, ನೇರಳಿ ಪಕ್ಕದ ಕರಿ ಗಟ್ಟಿ ಇಲ್ಲ ಅಂತ. ಕರಿ ನೂಲನ್ನ ಬ್ಯಾರೆ ಇಟ್ಟು ನೋಡಿದ್ರ ಏನೂ ಕೊರತಿ ಇರಲಿಲ್ಲ. 1839ರಾಗ ಅಂವ ಈ ನಿಯಮಾನ ಪುಸ್ತಕ ಮಾಡಿ ಪ್ರಕಟಿಸಿದ.

ಪರೀಕ್ಷಾ ಹಿಂಗ ಮಾಡ್ರಿ. ಹೊಳಪಿಲ್ಲದ ಬೂದು ರಟ್ಟಿನೊಳಗ 1.5 ಸೆಂ.ಮೀ. ಅಗಲದ ಎರಡು ಕಿಂಡಿ ಕೊರೀರಿ, ನಡುವ 3 ಸೆಂ.ಮೀ. ಬಿಡ್ರಿ. ಬಿಳಿ ರಟ್ಟು ಬ್ಯಾಡ, ಅದರ ಮುಂದ ಕೆಂಪು ಇನ್ನೂ ಗಾಢ ಕಾಣತೈತಿ. ಎರಡೂ ದಡಿ ಒಂದಕ್ಕೊಂದು ಹಚ್ಚಿ, ಎಳಿ ಒಂದೇ ದಿಕ್ಕಿಗೆ ಬರೂವಂಗ ಹಾಸ್ರಿ. ರೇಷ್ಮಿ ತಿರುವಿದ್ರ ಹೊಳಪು ಬದಲಾಗತೈತಿ. ಕಿಂಡಿಯೊಳಗ ಸಾದಾ ಕೆಂಪಷ್ಟೇ ಇರಲಿ, ದಡಿಯ ಗೋಮಿ, ಚಿಕ್ಕಿ ಚಿತ್ತಾರ, ಒಡಲು ಯಾವುದೂ ಇಣುಕಬಾರದು. ಉತ್ತರ ದಿಕ್ಕಿನ ಕಿಟಕಿ ಬೆಳಕು ಬೇಕು, ನೇರ ಬಿಸಿಲಲ್ಲ. ಮೂರು-ನಾಲ್ಕು ಸೆಕೆಂಡ್ ನೋಡಿ ದೃಷ್ಟಿ ಬೂದು ರಟ್ಟಿಗೆ ತಿರುಗಿಸ್ರಿ. ದಿಟ್ಟಿಸಿಕೊಂತ ಕುಂತ್ರ ಕಣ್ಣು ಕೆಂಪಿಗೆ ದಣೀತೈತಿ.

ಪ್ರಶ್ನೆ (ಅದೇ ಅಂಗಡಿ): ಮಾಡಿ ನೋಡಿದ್ವಿ ಡಾಕ್ಟರ್ ಸಾಹೇಬ್ರ. ಫರಕು ಭಾಳ ಇಳೀತು, ಆದ್ರ ಪೂರ್ತಿ ಹೋಗಲಿಲ್ಲ.

ಉತ್ತರ (ಬಣ್ಣದ ಮಾಸ್ತರ್, ರಬಕವಿ): ಉಳಿದದ್ದು ಕಣ್ಣಿನ ಆಟ ಅಲ್ಲರೀ ಅಣ್ಣಾರ. ನಿಮ್ಮ ದಡಿಗೆ ಬ್ಯಾರೆ ಲಾಳಿ ಐತೋ, ಇಲ್ಲಾ ಒಡಲಿನ ಹೊಕ್ಕ (ಅಡ್ಡ ಎಳಿ) ದಡಿಯೊಳಗೂ ಹಾದು ಹೋಗೇತೋ? ಹಾದಿದ್ರ ಕೆಂಪು ಹಾಸಿನ (ಉದ್ದ ಎಳಿ) ನಡುವ ಒಂದರಾಗ ಹಸಿರು ಎಳಿ, ಇನ್ನೊಂದರಾಗ ಕೇಸರಿ ಎಳಿ ಕುಂತಿರ್ತಾವ. ಅಷ್ಟು ಸಣ್ಣ ಎಳಿ ಕಣ್ಣಿಗೆ ಬಿಡಿಬಿಡಿಯಾಗಿ ಕಾಣೂದಿಲ್ಲ, ಬೆರೆತು ಒಂದ ಬಣ್ಣ ಆಗತೈತಿ. ಅದಕ್ಕ ಬಣ್ಣದವ್ರನ್ನ ಹಿಡೀಬೇಕಂದ್ರ ಬಟ್ಟಿ ಅಲ್ಲ, ನೂಲು ನೋಡ್ರಿ. ಎರಡೂ ಮಗ್ಗದ ಉಂಡಿಯಿಂದ ನೂಲು ತಗೊಂಡು ಬೂದು ರಟ್ಟಿಗೆ 5 ಸೆಂ.ಮೀ. ಅಗಲ, ರಟ್ಟು ಕಾಣದಷ್ಟು ಒತ್ತಾಗಿ ಸುತ್ರಿ. ನೂಲು ಒಣಗಿರಬೇಕು, ಹಸಿ ಇದ್ರ ಗಾಢ ಕಾಣತೈತಿ.

ಉತ್ತರ (ಡಾಕ್ಟರ್): ಮಾಸ್ತರ್ ಮಾತು ಖರೆ. ಒಂದ ಸೇರಿಸ್ತೇನಿ: ಯಾವುದು ಯಾವ ಮಗ್ಗದ್ದು ಅಂತ ನೋಡೋರಿಗೆ ಹೇಳಬ್ಯಾಡ್ರಿ. ‘ಇದು ಕೆಟ್ಟದ್ದು’ ಅಂತ ಮೊದಲ ಕಿವಿಗೆ ಬಿದ್ರ ಇಲ್ಲದ ಫರಕು ಹೇಳ್ತಾರ. ರಟ್ಟಿನ ಹಿಂದ ಗುರುತು ಬರೀರಿ, ಒಂದೇ ಉಂಡಿಯಿಂದ ಸುತ್ತಿದ ಒಂದು ಜೋಡಿ ನಡುವ ಸೇರಿಸ್ರಿ. ಅದರಾಗೂ ಫರಕು ಐತಿ ಅಂದವ್ರ ಮಾತು ಬಿಟ್ಟುಬಿಡ್ರಿ. ಗಂಡಸರೊಳಗ ಕೆಂಪು-ಹಸಿರು ಗುರುತಿಸಲಾಗದವ್ರು ಹೆಂಗಸರಿಗಿಂತ ಭಾಳ ಜಾಸ್ತಿ, ನೋಡೋರಿಗೆ ಇಶಿಹಾರಾ ಪಟ (ಬಣ್ಣದ ಚುಕ್ಕಿಯೊಳಗ ಅಂಕಿ ಗುರುತಿಸೂ ಬಣ್ಣಗುರುಡಿನ ಪರೀಕ್ಷಾ) ಒಮ್ಮೆ ತೋರಿಸ್ರಿ.

ಪ್ರಶ್ನೆ (ಖಣದ ವ್ಯಾಪಾರ, ಗುಳೇದಗುಡ್ಡ): ಅಂಗಡಿ ಟ್ಯೂಬ್‌ಲೈಟಿನ್ಯಾಗ ಸೀರಿಗೆ ಕೂಡಿದ್ದ ಖಣ (ಕುಬಸದ ಬಟ್ಟಿ), ಬಿಸಿಲಿಗೆ ಒಯ್ದ್ರ ಕೂಡೂದಿಲ್ಲ. ಇದೂ ಮನಸಿನ ಆಟಾನ?

ಉತ್ತರ (ಮಾಸ್ತರ್): ಅಲ್ಲ ಅಕ್ಕಾರ. ಬ್ಯಾರೆ ಬ್ಯಾರೆ ಬಣ್ಣದ ಪುಡಿ ಬೆರೆಸಿ ಒಂದೇ ಛಾಯೆ ತಂದಿರ್ತಾರ, ಬೆಳಕು ಬದಲಾದ್ರ ಜೋಡಿ ಒಡೀತೈತಿ. ಕಿಟಕಿ, ಟ್ಯೂಬ್, ಹಳದಿ ಬಲ್ಬು ಮೂರರಾಗೂ ಕೂಡಿದ್ರ ಮಾತ್ರ ಜೋಡಿ ಅನ್ರಿ.

ಉತ್ತರ (ಡಾಕ್ಟರ್): ಒಂಟಿ ಸೀರಿ ಮನಿಯೊಳಗೂ ಹೊರಗೂ ಹೆಚ್ಚು ಕಡಿಮಿ ಒಂದೇ ಬಣ್ಣ ಕಾಣತೈತಲ್ಲ, ಅದು ಮಿದುಳಿನ ಕೆಲಸ, ಬೆಳಕಿನ ಬಣ್ಣ ಕಳೆದು ಲೆಕ್ಕ ಹಾಕತೈತಿ. ಎರಡು ಬಟ್ಟಿ ಹಚ್ಚಿ ಇಟ್ಟಾಗ ಆ ಲೆಕ್ಕ ಈ ಫರಕು ಮುಚ್ಚೂದಿಲ್ಲ.

ಇನ್ನೊಂದು, ಗಿರಾಕಿಗೆ ಒಂದರ ಹಿಂದೊಂದು ಕೆಂಪು ಸೀರಿ ಬಿಚ್ಚಬ್ಯಾಡ್ರಿ, ಕಡಿವು ಮಂಕ ಕಾಣತಾವ. ನಾಲ್ಕೈದಕ್ಕೊಮ್ಮೆ ಹಸಿರು ಸೀರಿ ಹಾಸ್ರಿ, ಆಮ್ಯಾಲೆ ಮತ್ತ ಕೆಂಪು ತೆಗೀರಿ.