ಮಾಕ್ ಡ್ರಿಲ್‌ನಿಂದ ನಿಜವಾಗ್ಲೂ ಉಪಯೋಗ ಇದ್ಯಾ?

ನಾಲೆ ದಂಡೆ ಹುಡುಗ, ಪಾಂಡವಪುರ:
2018ರ ನವೆಂಬರಲ್ಲಿ ಕನಗನಮರಡಿ ಹತ್ರ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದ್ರಲ್ಲ, ಅವತ್ತಿಂದ ಇದೇ ಯೋಚ್ನೆ ನಂಗೆ. ಊರ ಹುಡುಗ್ರಿಗೆ ಟ್ರೈನಿಂಗ್ ಕೊಡ್ಸೋಣ ಅಂತಿದೀವಿ, ಡ್ರಿಲ್ ಮಾಡಿದ್ರೆ ನಿಜವಾದ ಹೊತ್ತಲ್ಲಿ ಕೈಕಾಲು ಆಡುತ್ತಾ ಅಥವಾ ಬರೀ ಫೋಟೋಗಾ?

ಮೈಸೂರು ನರ್ಸಮ್ಮ:
ಖಂಡಿತ ಉಪಯೋಗ ಇದೆ ಕಣಪ್ಪಾ. ನಾನಿದ್ದ ಒಂದು ಡ್ರಿಲ್‌ನಲ್ಲಿ ಕೆಂಪು ಬಣ್ಣ ಬಳ್ಕೊಂಡು ಕಿರುಚ್ತಿದ್ದ ಹುಡುಗನ ಹತ್ರಾನೇ ಎಲ್ರೂ ಓಡಿದ್ರು, ಬೆಂಚಿನ ಪಕ್ಕ ಸುಮ್ನೆ ಮಲಗಿದ್ದ 'ಪೇಷೆಂಟ್' ಹತ್ರ ಯಾರೂ ಹೋಗ್ಲೇ ಇಲ್ಲ, ನಾನೂ ಹೋಗ್ಲಿಲ್ಲ, ಅದಿನ್ನೂ ಮನಸ್ಸಲ್ಲಿ ಕೊರೀತದೆ. ಟ್ರಯಾಜ್ ಅಂದ್ರೆ ಯಾರನ್ನ ಮೊದ್ಲು ನೋಡ್ಬೇಕು ಅಂತ ವಿಂಗಡಿಸೋದು, ಅದ್ರಲ್ಲಿ ಮೊದ್ಲು ನಡೆಯೋಕೆ ಆಗೋರ್ನ ಪಕ್ಕಕ್ಕೆ ಕರೀಬೇಕು, ಅವ್ರಿಗೆ ಹಸಿರು ಟ್ಯಾಗು. ಉಳಿದೋರಲ್ಲಿ ಉಸಿರು ನಿಮಿಷಕ್ಕೆ 30 ದಾಟಿದ್ರೆ, ಮಣಿಕಟ್ಟಲ್ಲಿ ನಾಡಿ ಸಿಗ್ದಿದ್ರೆ, ಹೇಳಿದ ಹಾಗೆ ಮಾಡೋಕೆ ಆಗ್ದಿದ್ರೆ, ಇದ್ರಲ್ಲಿ ಒಂದಿದ್ರೂ ಕೆಂಪು ಟ್ಯಾಗು, ಅಂದ್ರೆ ಮೊದ್ಲು ನೋಡ್ಬೇಕಾದೋರು. ಓದಿದ್ರೆ ಸುಲಭ, ಗಲಾಟೆ ಮಧ್ಯೆ ಮಾಡಿದ್ರೇನೇ ಬರೋದು.

ಮದ್ದೂರಿನವ:
ಮೊದ್ಲು ಟೇಬಲ್‌ಟಾಪ್ ಮಾಡಿ, ಅಂದ್ರೆ ಕೂತಲ್ಲೇ ಮಾತಲ್ಲಿ ಮಾಡೋ ಡ್ರಿಲ್ಲು, ಖರ್ಚೇ ಇಲ್ಲ. ನಾಲೆ ಮ್ಯಾಪ್ ಹಾಸ್ಕೊಂಡು 112ಕ್ಕೆ ಯಾರು ಫೋನ್ ಮಾಡ್ತಾರೆ, ಆಂಬುಲೆನ್ಸ್ ಯಾವ ಕಡೆಯಿಂದ ಬರುತ್ತೆ, ಹಗ್ಗ ಯಾರ ಮನೇಲಿದೆ, ಎಲ್ಲಾ ಮಾತಾಡಿ. ನೀರಿಗೆ ಹಾರೋದು ಕೊನೇ ದಾರಿ, ಮೊದ್ಲು ಹಗ್ಗ ಎಸೀಬೇಕು, ಇದನ್ನ ಹತ್ತು ಸಲ ಮಾಡ್ಸಿ. ಡ್ರಿಲ್ ಮುಗಿದ ತಕ್ಷಣ ಅಲ್ಲೇ ಕೂತು ಎಲ್ಲಿ ತಪ್ಪಾಯ್ತು ಕೇಳಿ, ಬೈಬೇಡಿ.

ನಾಲೆ ದಂಡೆ ಹುಡುಗ, ಪಾಂಡವಪುರ:
ಹಗ್ಗ ಯಾರ ಮನೇಲಿದೆ ಅಂತ ನಂಗೇ ಗೊತ್ತಿಲ್ಲ ಅಣ್ಣಾ. ಭಾನುವಾರ ಹುಡುಗ್ರನ್ನೆಲ್ಲಾ ಸೇರಿಸ್ತೀನಿ.